ಒಂದು ಗಂಟೆ ಸೇರಿಸಿಕೊಳ್ಳಿ

ಶವದ ಪೆಟ್ಟಿಗೆ ಹೊಸಿಲು ದಾಟುತ್ತಿದ್ದಂತೆ ಡೋಲಿನಾ ಅದನ್ನಿಟ್ಟಿದ್ದ ಎರಡು ಕುರ್ಚಿಗಳನ್ನೂ ತಳ್ಳಿ ಉರುಳಿಸಿದಳು. ಉರುಳಿಸದಿದ್ದರೆ ಸತ್ತವನು ವಾಪಸು ಬಂದು ಕೂತಾನೆಂದು ದ್ವೀಪದವರ ಹೆದರಿಕೆ. ಲಾಖ್ಲನ್ ಬಂದರೆ ಬರಲಿ ಬಿಡು, ಮೂರು ದಿನದಿಂದ ಮನೆ ಬಿಕೋ ಅನ್ನುತ್ತಿದೆ ಎಂದುಕೊಂಡಳು ಅದೇ ಮನೆಯಲ್ಲಿದ್ದ ಅವನ ತಂಗಿ ಎಫಿ.

ಹೊರಗೆ ಗಂಡಸರು ಎರಡು ಸಾಲಾಗಿ ನಿಂತು, ನಾಲ್ಕು ಹೆಜ್ಜೆಗೊಮ್ಮೆ ಕೈ ಬದಲಿಸುತ್ತ, ಪೆಟ್ಟಿಗೆಯನ್ನು ಕಡಲಂಚಿನ ದಾರಿಗೆ ಇಳಿಸಿದರು. ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ಅಲ್ಲಿಲ್ಲ. ಅವರ ಪಾಲಿಗೆ ಉಳಿದದ್ದು ಚಹಾ, ಚೀಸು, ಓಟ್ಸ್ ರೊಟ್ಟಿ, ಮತ್ತೆ ಕಿಟಕಿ. ಬೆಳಗಿನಿಂದ ಗಾಳಿ ಒಂದಿಷ್ಟೂ ಇರಲಿಲ್ಲ. ಗಾಳಿಯಿಲ್ಲದ ದಿನವನ್ನು ಆ ಊರಿನವರು ಯಾವತ್ತೂ ನಂಬುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಒಂದೂಕಾಲು ಗಂಟೆಗೇ ದೀಪ ಹಚ್ಚಬೇಕೆನ್ನುವ ಹಾಗೆ ಆಕಾಶ ಕೆಳಗಿಳಿದಿತ್ತು.

*

ಲಾಖ್ಲನ್ ಮೂವತ್ತೊಂದು ವರ್ಷ ಅಂಚೆಯ ವ್ಯಾನು ಓಡಿಸಿದವನು. ಮದುವೆಯಾಗಲಿಲ್ಲ, ದ್ವೀಪ ಬಿಟ್ಟು ಎಲ್ಲೂ ಇರಲಿಲ್ಲ, ಕ್ಯಾಮೆರಾವನ್ನು ಕೈಯಲ್ಲಿ ಹಿಡಿದವನೂ ಅಲ್ಲ. ಆದರೆ ಕ್ಯಾಮೆರಾ ಹೊತ್ತು ಹಡಗಿಳಿದವರೆಲ್ಲ ಮೊದಲು ಹುಡುಕುತ್ತಿದ್ದದ್ದು ಅವನನ್ನೇ. ಯಾವ ಗುಡ್ಡದ ಮೇಲೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ, ಯಾವ ಕೊಳದಲ್ಲಿ ಗುಡ್ಡದ ಪ್ರತಿಬಿಂಬ ಅಲ್ಲಾಡದೆ ನಿಲ್ಲುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಇಷ್ಟೆಲ್ಲ ಹೇಗಪ್ಪಾ ಗೊತ್ತು ಎಂದು ಕೇಳಿದರೆ, ವ್ಯಾನಿನ ಬಿಸಿಲು ತಡೆಯುವ ಪಟ್ಟಿ ಮುರಿದು ಇಪ್ಪತ್ತು ವರ್ಷವಾಯಿತು, ಬೆಳಕು ಎಲ್ಲೆಲ್ಲಿ ಕಣ್ಣಿಗೆ ಹೊಡೆಯುತ್ತದೋ ಅದೇ ಜಾಗ ಅನ್ನುತ್ತಿದ್ದ. ತಮ್ಮ ತಮ್ಮ ಊರಿಗೆ ಮರಳಿದವರು ಕಳಿಸಿದ ದೊಡ್ಡ ದೊಡ್ಡ ಫೋಟೊಗಳನ್ನು ಕುರಿಕೊಟ್ಟಿಗೆಯ ಒಳಗೋಡೆಗೆ ಮೊಳೆ ಹೊಡೆದು ಚಳಿ ತಡೆಯುತ್ತಿದ್ದ ಪುಣ್ಯಾತ್ಮ.

ಎಲ್ಲಕ್ಕಿಂತ ಚೆಂದದ ಜಾಗವನ್ನು ಮಾತ್ರ ಅವನು ಸುಮ್ಮನೆ ತೋರಿಸುತ್ತಿರಲಿಲ್ಲ. ಅದು ಕಡಲು ಇಳಿದಾಗ ತೆರೆದುಕೊಳ್ಳುವ ದೊಡ್ಡ ಮರಳಿನ ನಟ್ಟನಡುವಿನ ದಿಬ್ಬ. ಇಳಿತದ ಹೊತ್ತಿನಲ್ಲಿ ಅರ್ಧ ಮೈಲಿ ನಡೆದು ಅಲ್ಲಿ ನಿಂತರೆ ಉತ್ತರದ ಬೆಟ್ಟಗಳೆಲ್ಲ ಒದ್ದೆ ಮರಳಿನಲ್ಲಿ ತಲೆಕೆಳಗಾಗಿ ಕಾಣುತ್ತವೆ. ಆದರೆ ಆ ಕಡಲು ಕಳ್ಳ. ಎದುರಿನಿಂದ ಬರುವುದಿಲ್ಲ. ಮೊದಲು ಬೆನ್ನ ಹಿಂದಿನ ಕಾಲುವೆ ತುಂಬಿಕೊಳ್ಳುತ್ತದೆ. ಕಾಲಡಿಯ ಮರಳು ಇನ್ನೂ ಒಣಗೇ ಇರುತ್ತದೆ, ದಡಕ್ಕೆ ಬರುವ ದಾರಿ ಮಾತ್ರ ಮುಗಿದಿರುತ್ತದೆ. ಹಾಗಾಗಿ ಹೋಗುವ ಹೊತ್ತು, ಅಲ್ಲಿಂದ ವಾಪಸು ಹೊರಡುವ ಹೊತ್ತು ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಡದೆ ಅವನು ಯಾರನ್ನೂ ಅಲ್ಲಿಗೆ ಕಳಿಸಿದವನಲ್ಲ.

*

ಎಫಿಯ ಮನೆಯ ಮೇಲಿನ ಕೋಣೆಯಲ್ಲಿ ಆ ವಾರ ಬಾಡಿಗೆಗೆ ಇದ್ದವನು ಯೋರಿಸ್, ಹಾಲೆಂಡಿನ ಮೇಷ್ಟ್ರು. ಲಾಖ್ಲನ್ ಸೋಮವಾರ ಅವನಿಗೆ ಚೀಟಿ ಬರೆದುಕೊಟ್ಟಿದ್ದ, ಬುಧವಾರ ಗೇಟಿನ ಹತ್ತಿರ ಎದೆ ಹಿಡಿದುಕೊಂಡು ಕುಸಿದ. ಇವತ್ತು ಬೆಳಿಗ್ಗೆ ಗಂಜಿ ಬಟ್ಟಲಿನ ಮುಂದೆ ಯೋರಿಸ್ ಹಿಂದೆಮುಂದೆ ನೋಡುತ್ತ ಕೂತಿದ್ದ. ಸಾವಿನ ಮನೆಯಿಂದ ಫೋಟೊ ತೆಗೆಯಲು ಹೋಗುವುದು ಸರಿಯೇ ಎಂದು ಅವನ ಸಂಕೋಚ. ಎಫಿ ಐವತ್ತು ಜನರಿಗೆ ಹಂದಿಮಾಂಸ ಹೆಚ್ಚುತ್ತಿದ್ದಳು.

"ಹೋಗಿ ಬನ್ನಿ. ಅವನೇ ತೋರಿಸಿದ ಜಾಗ, ಅವನಿಗೂ ಸಂತೋಷವಾಗುತ್ತೆ," ಎಂದಳು. ಚೀಟಿಯತ್ತ ತಿರುಗಿಯೂ ನೋಡದೆ ಇನ್ನೊಂದು ಮಾತು ಸೇರಿಸಿದಳು. "ಕಡಲ ಭರತ-ಇಳಿತದ ಪುಸ್ತಕ ಚಳಿಗಾಲದ ಗಡಿಯಾರದ ಪ್ರಕಾರ ಇರೋದು. ಒಂದು ಗಂಟೆ ಸೇರಿಸಿಕೊಳ್ಳಿ."

ಅದು ದ್ವೀಪದ ಮಕ್ಕಳಿಗೂ ಗೊತ್ತಿರುವ ಮಾತು. ಬೇಸಿಗೆ ಬಂದು ಗಡಿಯಾರಗಳು ಒಂದು ಗಂಟೆ ಮುಂದೆ ಹೋದರೂ ಪುಸ್ತಕ ಹಳೆಯ ಹೊತ್ತಿನಲ್ಲೇ ಇರುತ್ತದೆ, ಉಳಿದದ್ದನ್ನು ಎಲ್ಲರೂ ಮನಸ್ಸಿನಲ್ಲೇ ಕೂಡಿಸಿಕೊಳ್ಳುತ್ತಾರೆ. ಯೋರಿಸ್ ಪೆನ್ಸಿಲಿನಿಂದ ಚೀಟಿಯ ಎರಡೂ ಹೊತ್ತು ತಿದ್ದಿ, ವಾಪಸು ಹೊರಡುವ ಒಂದೂವರೆಯನ್ನು ಎರಡೂವರೆ ಮಾಡಿಕೊಂಡು, ಕೃತಜ್ಞತೆಯಿಂದ ಅವಳ ಮೊಣಕೈ ಮುಟ್ಟಿ ಹೋದ.

*

ಅಡುಗೆಮನೆಯಲ್ಲಿ ಹೆಂಗಸರು ಸತ್ತವನ ಮಾತು ತೆಗೆದಿದ್ದರು. ಅಂಚೆ ಕಚೇರಿಯಲ್ಲಿ ಕೂರುತ್ತಿದ್ದ ಡೋಲಿನಾ ಅಳುತ್ತಳುತ್ತಲೇ ನಕ್ಕಳು.

"ಹೋದ ವರ್ಷ ಒಬ್ಬ ಗಂಟೆ ಸೇರಿಸೋದು ಮರೆತು ನೀರು ಇಳಿಯೋ ಮೊದ್ಲೇ ಹೋಗಿ ಸೊಂಟದ ತನಕ ನೆಂದು ಬಂದ ನೋಡು. ಅವತ್ತಿಂದ ಲಾಖ್ಲನ್ ಪರವೂರವರ ಚೀಟೀಲಿ ತಾನೇ ಸೇರಿಸಿ ಬರೀತಿದ್ದ ಕಣೆ. ಗೋಡೆ ಗಡಿಯಾರ ನೋಡ್ಕೊಂಡ್ರೆ ಸಾಕು, ಪಾಪ, ಲೆಕ್ಕ ಬರಲ್ಲ ಅವ್ರಿಗೆ ಅಂತ."

ಎಫಿ ಗೋಡೆಯತ್ತ ತಿರುಗಿದಳು. ಅಣ್ಣ ತನಗೆ ಇದನ್ನು ಹೇಳಿರಲೇ ಇಲ್ಲ. ಹೇಳುವಂಥದ್ದೇನಿತ್ತು? ಗೋಡೆಯ ಗಡಿಯಾರ ಒಂದೂವರೆಗೆ ಎರಡು ನಿಮಿಷ ಇದೆ ಎನ್ನುತ್ತಿತ್ತು. ಅಣ್ಣ ಸೇರಿಸಿದ್ದ ಗಂಟೆಯ ಮೇಲೆ ಅವಳು ಇನ್ನೊಂದು ಗಂಟೆ ಸೇರಿಸಿ ಕಳಿಸಿದ್ದಳು. ಯೋರಿಸನ ಪೆನ್ಸಿಲಿನ ಲೆಕ್ಕಕ್ಕೆ ಇನ್ನೂ ಒಂದು ಗಂಟೆ ಬಾಕಿ.

ಮೊಬೈಲು ಚರ್ಚಿನಾಚೆ ಸಿಗುವುದಿಲ್ಲ. ದಡ ಕಾವಲಿನವರಿಗೆ ಫೋನು ಮಾಡು ಎಂದು ಡೋಲಿನಾಗೆ ಕೂಗಿ ಅವಳು ಓಡಿದಳು. ಅರವತ್ತನಾಲ್ಕರ ಹೆಂಗಸು, ಕಪ್ಪು ಲಂಗ ಮೊಣಕಾಲಿಗೆ ಎತ್ತಿಕೊಂಡು, ಪೆಟ್ಟಿಗೆಯ ಹಿಂದೆ ಯಾವ ಹೆಂಗಸೂ ಕಾಲಿಡದ ದಾರಿಯಲ್ಲಿ. ಹಿಂದಿನ ಸಾಲಿನವರು ತಿರುಗಿ ನೋಡಿ ಮುಖ ಗಂಟಿಕ್ಕಿಕೊಂಡರು. ಮುಂದಿದ್ದ ದಾಯಾದಿ ಟೊರ್ಕಿಲ್ ನಡಿಗೆ ನಿಲ್ಲಿಸಲಿಲ್ಲ.

"ಎಫಿ, ಮನೆಗೆ ಹೋಗು. ನಿನ್ನ ಸಂಕಟ ನಮಗೂ ಗೊತ್ತು."

"ಇಳಿಸು ಅವನನ್ನ," ಎಂದಳು ಎಫಿ. "ಮರಳಿನ ಮೇಲೆ ಜೀವ ಇದೆ. ನಾನೇ ಕಳಿಸಿದ್ದು ಟೊರ್ಕಿಲ್, ನಾನೇ ತಪ್ಪು ಹೊತ್ತು ಹೇಳಿ ಕಳಿಸಿದ್ದು."

ಎತ್ತಿದ ಪೆಟ್ಟಿಗೆಯನ್ನು ದಾರಿಯ ನಡುವೆ ಇಳಿಸುವುದು ಆ ದ್ವೀಪದಲ್ಲಿ ಯಾರೂ ಕಂಡದ್ದಲ್ಲ. ಟೊರ್ಕಿಲ್ ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಎಲ್ಲರೂ ಒಟ್ಟಿಗೆ ಬಗ್ಗಿ ಲಾಖ್ಲನನ್ನು ಹುಲ್ಲಿನ ಮೇಲೆ ಇಟ್ಟರು. ಓಡಬಲ್ಲವರೆಲ್ಲ ಕೋಟು ಕಳಚಿ ಎಸೆದು ದೋಣಿಯತ್ತ ಓಡಿದರು. ದೋಣಿ ಇದ್ದದ್ದು ಕಡಲಿಗೆ ಚಾಚಿದ ಮೂಗುಬಂಡೆಯ ಆಚೆ, ಇಪ್ಪತ್ತು ನಿಮಿಷದ ದಾರಿ. ಉಳಿದ ಮುದುಕರು ಪೆಟ್ಟಿಗೆಯ ಪಕ್ಕ ಸಾಲಾಗಿ ನಿಂತರು.

ಯೋರಿಸ್ ಕಣ್ಣಿಗೆ ಬಿದ್ದ. ಕೂಗಿದರೆ ಕೇಳಿಸದಷ್ಟು ದೂರ, ಕೈ ಎತ್ತಿದರೆ ಕಾಣುವಷ್ಟು ಹತ್ತಿರ. ದಿಬ್ಬದ ಮೇಲೆ ಮೂರು ಕಾಲಿನ ಕ್ಯಾಮೆರಾ, ಪಕ್ಕದಲ್ಲಿ ಅವನು. ಕಡಲ ಹಕ್ಕಿಗಳೆಲ್ಲ ಆಗಲೇ ಮರಳು ಬಿಟ್ಟು ದಡದ ಹುಲ್ಲಿಗೆ ಬಂದು ಸೇರಿದ್ದವು. ಅವನಿಗೂ ದಡಕ್ಕೂ ನಡುವಿನ ಕಾಲುವೆ ಬೂದುಬಣ್ಣಕ್ಕೆ ತಿರುಗಿ, ಸದ್ದಿಲ್ಲದೆ ಅಗಲವಾಗುತ್ತಿತ್ತು. ಎಫಿ ತಲೆಯ ಕಪ್ಪು ವಸ್ತ್ರ ಕಿತ್ತು ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಬಾ, ಬಾ, ಬಂದುಬಿಡೋ ಮಾರಾಯ ಎಂದು ಗಂಟಲು ಹರಿಯುವ ಹಾಗೆ ಕಿರುಚಿದಳು.

ಅವನು ತಿರುಗಿದ. ದಡದ ಮೇಲೆ ಸಾಲಾಗಿ ನಿಂತ ಕಪ್ಪು ಕೋಟಿನವರನ್ನು, ಹುಲ್ಲಿನ ಮೇಲಿನ ಪೆಟ್ಟಿಗೆಯನ್ನು, ತಲೆಗೂದಲು ಕೆದರಿಕೊಂಡು ನಿಂತ ಹೆಂಗಸನ್ನು ನೋಡಿದ. ಟೊಪ್ಪಿ ತೆಗೆದು ಎದೆಗಿಟ್ಟುಕೊಂಡು ಒಂದು ಕ್ಷಣ ತಲೆ ಬಾಗಿಸಿದ. ಆಮೇಲೆ ಕ್ಯಾಮೆರಾವನ್ನು ನಿಧಾನವಾಗಿ ಅವರ ಕಡೆಗೆ ತಿರುಗಿಸಿ, ಅಲ್ಲಾಡಬೇಡಿ, ಹಾಗೇ ನಿಂತಿರಿ ಎನ್ನುವಂತೆ ಅಂಗೈ ಎತ್ತಿ ಹಿಡಿದ.