ನಾಗಬನಕ್ಕೆ ಹೋದ ನೀಲಿ ಬಳ್ಳಿ

ಕುಂಜತ್ತೂರಿನ ಹರಿಣಾಕ್ಷಿಗೆ ಹೂವಿನ ಆಸೆ ಇತ್ತು, ಸೊಂಟದಲ್ಲಿ ಬಲ ಇರಲಿಲ್ಲ. ಮೂವತ್ತು ವರ್ಷ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿದವಳು. ಸಂಜೆ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ಮೇಲೆ ಬಾವಿಯಿಂದ ನೀರೆಳೆದು ಗಿಡಗಳಿಗೆ ಹೊರುವ ತ್ರಾಣ ಎಲ್ಲಿಂದ ಬರಬೇಕು? ಗೊಂಡೆ, ಸೇವಂತಿಗೆಯಾದರೆ ವರ್ಷ ವರ್ಷವೂ ನೆಡಬೇಕು. ಹಾಗಾಗಿ ಮೂರು ಮಳೆಗಾಲದ ಹಿಂದೆ ಒಂದು ಭಾನುವಾರ ಅವಳು ಮಂಜೇಶ್ವರದ ರೋಸ್ಮೇರಿ ಬಾಯಿಯ ಮನೆಗೆ ಹೋದಳು.

ರೋಸ್ಮೇರಿ ಮನೆಯಂಗಳದಲ್ಲೇ ಗಿಡ ಮಾರುವವಳು. ಎಲ್ಲೆಲ್ಲಿಂದಲೋ ತರಿಸಿದವು, ಊರಲ್ಲಿ ಯಾರೂ ಕಾಣದಂಥವು. ಬಾವಲಿಯ ಹಾಗೆ ಕಪ್ಪು ರೆಕ್ಕೆ ಬಿಡಿಸಿ ಉದ್ದ ಮೀಸೆ ಇಳಿಬಿಟ್ಟ ಒಂದು ಹೂ. ನೆಲದಿಂದ ನೇರ ಎದ್ದು ಪಂಜಿನಂತೆ ಉರಿಯುವ ಕೆಂಪು ಶುಂಠಿ ಹೂ. ಹಸಿರೋ ನೀಲಿಯೋ ಹೇಳಲಾಗದ, ಗಿಳಿಯ ಕೊಕ್ಕುಗಳನ್ನು ಪೋಣಿಸಿಟ್ಟಂಥ ಗೊಂಚಲು.

"ಈ ಬಾವಲಿಯನ್ನು ತಗೊಂಡು ಹೋಗು ಹರಿಣಿ. ಇಡೀ ಕುಂಜತ್ತೂರಲ್ಲಿ ಇಲ್ಲ."

"ಬೇಡ ಬಾಯಿ. ಬೆಳಿಗ್ಗೆ ಎದ್ದು ಅದರ ಮುಖ ನೋಡ್ಲಿಕ್ಕೆ ನನಗೆ ಧೈರ್ಯ ಇಲ್ಲ. ಒಮ್ಮೆ ನೆಟ್ಟರೆ ಮತ್ತೆ ತಿರುಗಿ ನೋಡದಿದ್ದರೂ ಹೂ ಬಿಡುವಂಥದ್ದು ಎಂತಾದರೂ ಉಂಟಾ?"

"ಹಾಗಾದ್ರೆ ನಿನಗೆ ಪ್ಲಾಸ್ಟಿಕ್ ಹೂವೇ ಆಗ್ಬೇಕಷ್ಟೆ," ಎಂದು ರೋಸ್ಮೇರಿ ನಕ್ಕಳು. ಆಮೇಲೆ ಒಳಗಿನಿಂದ ಒಂದು ಬಳ್ಳಿಯ ಸಸಿ ತಂದಳು. "ಇದು ತನ್‌ಬರ್ಜಿಯಾ. ಆಕಾಶದ ಬಣ್ಣದ ಹೂ. ನೆಟ್ಟು ಮರೆತುಬಿಡು. ಇದಕ್ಕೆ ಸಾವೇ ಇಲ್ಲ ಮಾರಾಯ್ತಿ."

ಆ ಮಾತು ಹರಿಣಾಕ್ಷಿಗೆ ಹಿತವಾಯಿತು. ಹಿತ್ತಿಲಿನ ಮುರಕಲ್ಲಿನ ಗೋಡೆಯ ಬುಡದಲ್ಲಿ ಸಸಿಯನ್ನು ನೆಟ್ಟಳು.

ಗೋಡೆಯ ಆಚೆಗೆ ಕುಟುಂಬದ ನಾಗಬನ. ಅಲ್ಲೊಂದು ಹಳೆಯ ರೆಂಜೆ ಮರ, ಅದರ ಬುಡದಲ್ಲಿ ನಾಗನ ಕಲ್ಲು. ಆ ಬನದ ಗಿಡಕ್ಕೆ ಯಾರೂ ಕತ್ತಿ ತಾಗಿಸುವುದಿಲ್ಲ. ಒಣಗಿ ಬಿದ್ದ ಕಡ್ಡಿಯನ್ನೂ ಒಲೆಗೆ ತರುವುದಿಲ್ಲ. ಹರಿಣಾಕ್ಷಿಯ ಅಜ್ಜಿ, ಅಮ್ಮ, ಈಗ ಅವಳು, ಸಂಕ್ರಮಣಕ್ಕೊಮ್ಮೆ ಅಲ್ಲಿ ದೀಪ ಇಡುತ್ತ ಬಂದವರು.

ಮೊದಲ ವರ್ಷ ಗೋಡೆ ತುಂಬ ನೀಲಿ ಹೂ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಎರಡನೆಯ ಮಳೆಗಾಲದಲ್ಲಿ ಎರಡು ಕುಡಿ ಗೋಡೆ ದಾಟಿ ಬನದ ಒಳಗೆ ಇಳಿದವು. ಅವಳು ಅದನ್ನು ಕಂಡಳು. ಅಂದೇ ಚಿವುಟಿದ್ದರೆ ಮುಗಿಯುತ್ತಿತ್ತು. ಆದರೆ ಬನದ ಒಳಗೆ ಹೋದದ್ದು ನಾಗನದು, ತನ್ನದಲ್ಲ ಎಂದು ಕೈ ಹಿಂದೆಗೆದಳು. ನಿಜ ಹೇಳುವುದಾದರೆ, ಅವಳಿಗೆ ಒಳಗೊಳಗೇ ಸಂತೋಷವೂ ಆಗಿತ್ತು. ತನ್ನ ಅಂಗಳದ ಹೂವನ್ನು ನಾಗ ತಾನಾಗಿಯೇ ಕರೆದುಕೊಂಡ ಎಂದುಕೊಂಡಿದ್ದಳು.

ಮೂರನೆಯ ವರ್ಷ ಬೇಸಿಗೆ ಕಳೆಯುವಾಗ ರೆಂಜೆ ಮರ ಕಾಣಿಸುತ್ತಿರಲಿಲ್ಲ. ಬುಡದಿಂದ ತುದಿಯ ತನಕ ಬಳ್ಳಿ ಕಂಬಳಿ ಹೊದೆಸಿತ್ತು. ಒಳಗೆ ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ಮಧೂರಿನಿಂದ ಅಣ್ಣ ಬೋಜ ಫೋನು ಮಾಡಿ, "ಪಂಚಮಿಗೆ ಎಲ್ಲರೂ ಬರ್ತೇವೆ. ಬನ ಹೇಗುಂಟು?" ಎಂದು ಕೇಳಿದಾಗ, "ಹಾಗೇ ಉಂಟು ಅಣ್ಣ," ಎಂದಳು. ಕುಟುಂಬದ ಹಿರಿಯನಿಗೆ ಸುಳ್ಳು ಹೇಳಿ ಅವಳಿಗೆ ಆ ದಿನ ಊಟ ಸೇರಲಿಲ್ಲ. ಮರ ಸತ್ತರೆ ನಾಗನ ತಲೆಯ ಮೇಲಿನ ನೆರಳು ಹೋಗುತ್ತದೆ. ಆ ನೆರಳು ತೆಗೆದವಳು ತಾನಾಗುತ್ತಾಳೆ.

ಪಂಚಮಿಗೆ ನಾಗನಿಗೆ ತಂಬಿಲದ ಪೂಜೆ ಕೊಡುವ ಸುಬ್ಬರಾಯ ಭಟ್ಟರ ಮನೆಗೆ ಹೋಗಿ ಎಲ್ಲ ಹೇಳಿದಳು. ಕೇಳಿಸಿಕೊಂಡು ಭಟ್ಟರು ಹೇಳಿದರು:

"ಬನದ ಒಳಗೆ ಕಬ್ಬಿಣ ಕೂಡದು. ಮದ್ದು ಹೊಡೆಯುವುದಂತೂ ಕನಸಲ್ಲಿಯೂ ಬೇಡ. ಕೈಯಿಂದ ಬಿಡಿಸಬಹುದು. ಮನೆಯವರೇ ಬಿಡಿಸಬೇಕು, ಬಿಡಿಸುವ ಮೊದಲು ತಪ್ಪಾಯಿತು ಅಂತ ಹೇಳ್ಬೇಕು."

"ಅಷ್ಟು ದೊಡ್ಡ ಬಳ್ಳಿ, ಬರೀ ಕೈಯಲ್ಲಾ ಭಟ್ರೇ?"

"ಮರವನ್ನು ಸುತ್ತಲಿಕ್ಕೆ ಅದು ಕತ್ತಿ ಹಿಡಿದಿತ್ತಾ ಹರಿಣಾಕ್ಷಿ?"

ಮರುದಿನ ರೋಸ್ಮೇರಿ ಗಂಡನ ಆಟೋದಲ್ಲಿ ಬಂದಿಳಿದಳು. ಫೋನಿನಲ್ಲಿ ಹರಿಣಾಕ್ಷಿಯಿಂದ ಬೈಸಿಕೊಂಡಿದ್ದಳು, ಕೈಯಲ್ಲಿ ಕತ್ತಿ ಇತ್ತು.

"ಅದನ್ನು ಅಲ್ಲೇ ಇಡಿ ಬಾಯಿ!"

"ಅಯ್ಯೋ, ಇಡ್ತೇನೆ, ಬೊಬ್ಬೆ ಹೊಡೀಬೇಡ. ನಿನ್ನ ರವಿಕೆಯ ಪಿನ್ನು ಎಂತದ್ದು ಮತ್ತೆ, ಬೆಳ್ಳಿಯಾ?"

ಹರಿಣಾಕ್ಷಿ ಪಿನ್ನು ತೆಗೆದಳು. ಬೀಡಿಯ ಬಾಯಿ ಮಡಚಲು ಬೆರಳಿಗೆ ಸಿಕ್ಕಿಸುವ ತಗಡಿನ ಉಗುರನ್ನೂ ತೆಗೆದಿಟ್ಟಳು.

ಬಳ್ಳಿಯ ಬುಡ ಗೋಡೆಯ ಈಚೆ, ಅವಳ ಹಿತ್ತಿಲಲ್ಲಿತ್ತು. ಅಲ್ಲಿ ಕಬ್ಬಿಣ ತಾಗಿಸಬಹುದು. ಇಬ್ಬರೂ ಹಾರೆ ಹಿಡಿದು ಅಗೆದರು. ಮರಗೆಣಸಿನ ಹಾಗೆ ಗಡ್ಡೆಗಳು ಬಂದವು, ಒಂದರ ಕೆಳಗೆ ಇನ್ನೊಂದು. ರೋಸ್ಮೇರಿ ಮಣ್ಣಿನ ರಾಶಿಯ ಮೇಲೆ ಕೂತುಬಿಟ್ಟಳು.

"ಇದನ್ನು ಎಷ್ಟು ಮನೆಗೆ ಕೊಟ್ಟಿದ್ದೇನೆ ಅಂತ ನನಗೇ ನೆನಪಿಲ್ಲ ಹರಿಣಿ. ಎಲ್ಲರಿಗೂ ಸಾವಿಲ್ಲ ಅಂತಲೇ ಹೇಳಿದ್ದು."

"ಸುಳ್ಳು ಹೇಳ್ಲಿಲ್ಲ ಅಲ್ವಾ," ಎಂದಳು ಹರಿಣಾಕ್ಷಿ.

ಆದರೆ ಬಳ್ಳಿ ಬನದ ಒಳಗೂ ನೆಲ ಮುಟ್ಟಿದಲ್ಲೆಲ್ಲ ಬೇರು ಬಿಟ್ಟಿತ್ತು. ಅದನ್ನು ಮನೆಯವಳಾದ ಹರಿಣಾಕ್ಷಿಯೊಬ್ಬಳೇ ಕೀಳಬೇಕು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕಲ್ಲಿನ ಮುಂದೆ ನಿಂತು, "ತಪ್ಪಾಯಿತು ಸ್ವಾಮಿ," ಎಂದು ಶುರು ಮಾಡುತ್ತಿದ್ದಳು. ಎಳೆಯದನ್ನು ಉಗುರಿನಿಂದ ಚಿವುಟುವುದು, ಬಲಿತದ್ದನ್ನು ತಿರುಚಿ ತಿರುಚಿ ತುಂಡು ಮಾಡುವುದು, ಮರಕ್ಕೆ ಸುತ್ತಿದ್ದನ್ನು ಮಗುವಿನ ತಲೆಯ ಸಿಕ್ಕು ಬಿಡಿಸಿದ ಹಾಗೆ ಬಿಡಿಸುವುದು. ಬಿಡಿಸಿದ್ದನ್ನು ಗೋಡೆಯ ಮೇಲಿಂದ ಎಸೆದರೆ ರೋಸ್ಮೇರಿ ಹೊರಗೆ ನಿಂತು ಆಯ್ದು, ಒಣಗಿಸಿ ಸುಡುತ್ತಿದ್ದಳು. ಆಟಿ ತಿಂಗಳ ಜಡಿಮಳೆ ಶುರುವಾಯಿತು. ಒಂದು ದಿನ ಕಟ್ಟಿದ ಬೀಡಿ ಅರ್ಧಕ್ಕರ್ಧ ಕಡಿಮೆಯಾಯಿತು, ಬೆರಳು ಮಡಚುತ್ತಿರಲಿಲ್ಲ. ಹತ್ತು ದಿನ ಕಳೆದು ನೋಡಿದರೆ ಕಿತ್ತಲ್ಲೇ ಮತ್ತೆ ಚಿಗುರು. ಕಷ್ಟಕ್ಕೆ ಅಳು ಬರುವ ಕಾಲ ದಾಟಿತ್ತು. ಬಗ್ಗಿ ಮತ್ತೆ ಕಿತ್ತಳು.

ಪಂಚಮಿಯ ಮುನ್ನಾದಿನ ಬೋಜ ಬಂದ. ನೇರ ಬನಕ್ಕೆ ಹೋಗಿ, ಅರ್ಧ ಬೋಳಾದ ಮರದ ಮುಂದೆ ನಿಂತ.

"ಇದೆಂತ ಹರಿಣಾಕ್ಷಿ?"

"ನಾನು ನೆಟ್ಟ ಬಳ್ಳಿ ಅಣ್ಣ. ಒಳಗೆ ಬರುವಾಗಲೇ ನೋಡಿದ್ದೆ. ನಾಗನದು ಅಂತ ಬಿಟ್ಟೆ. ಫೋನಿನಲ್ಲಿ ನಿನಗೆ ಸುಳ್ಳು ಹೇಳಿದೆ."

ಬೋಜ ಬೈಯುತ್ತಾನೆಂದು ಅವಳು ಕಾದಳು. ಬೈದರೆ ಒಂದು ಭಾರ ಇಳಿಯುತ್ತಿತ್ತು. ಅವನು ಮರದ ಸುತ್ತ ಬಂದು, ಅಲ್ಲಲ್ಲಿ ತೊಗಟೆಯನ್ನು ಹೆಬ್ಬೆರಳಿನ ಉಗುರಿನಿಂದ ಮೆಲ್ಲ ಕೆರೆದ. ಕೈಗೆ ಸಿಕ್ಕಿದ ಕೊಂಬೆ ಒಣಗಿತ್ತು, ಕೆರೆದಲ್ಲಿ ತೊಗಟೆ ಪುಡಿಯಾಗಿ ಉದುರಿತು. ಬುಡದ ಹತ್ತಿರ ಕೆರೆದಲ್ಲಿ ಹಸಿರು ಕಂಡಿತು.

"ಜೀವ ಉಂಟು," ಎಂದ. ಆಮೇಲೆ ಅವಳ ಕೈ ನೋಡಿದ. "ಅಲ್ಲ ಮಾರಾಯ್ತಿ, ನಮ್ಮನ್ನು ಕರೀಬಾರದಿತ್ತಾ? ನಾವೆಂತ ಬರೀ ಊಟಕ್ಕೆ ಬರುವವರಾ?"

ಅವಳು ಕೈ ಎರಡನ್ನೂ ಸೆರಗಿನೊಳಗೆ ಅಡಗಿಸಿದಳು.

ಪಂಚಮಿಯ ದಿನ ತಂಬಿಲವಾಯಿತು. ಹಾಲು, ಎಳನೀರು, ಅರಸಿನ ಕಲ್ಲಿನ ಮೇಲೆ ಇಳಿಯಿತು. ಊಟವಾದ ಮೇಲೆ ಬೋಜ ಮಕ್ಕಳನ್ನೆಲ್ಲ ಕರೆದು, ಇನ್ನು ಪ್ರತಿ ಸಂಕ್ರಮಣಕ್ಕೆ ಇಬ್ಬಿಬ್ಬರು ಬರಬೇಕು, ಕೈಯಲ್ಲೇ ಕೀಳಬೇಕು ಎಂದ. "ಎಷ್ಟು ವರ್ಷ?" ಎಂದು ಯಾರೋ ಕೇಳಿದರು.

"ಅದು ಬರುವಷ್ಟು ವರ್ಷ."

ಎಲ್ಲರೂ ಹೋದ ಮೇಲೆ ಹರಿಣಾಕ್ಷಿ ಬನಕ್ಕೆ ಬಂದು ಮರದ ಎದುರು ಕೂತಳು. ಬೇಡಿಕೊಳ್ಳಲು ಏನೋ ಇತ್ತು, ದಣಿವಿಗೆ ಮರೆತುಹೋಗಿತ್ತು. ಕಲ್ಲಿನ ಪಕ್ಕದ ಒದ್ದೆ ಮಣ್ಣಿನಲ್ಲಿ ಆ ಬಳ್ಳಿಯದೇ ಎರಡೆಲೆಯ ಒಂದು ಚಿಗುರು ಎದ್ದಿತ್ತು. ಕೂತಲ್ಲಿಂದಲೇ ಕೈ ಚಾಚಿದಳು. ಬುಡ ಸಮೇತ ಬಂತು.