ಮೂರನೇ ಬೆಡ್ಡಿನ ಟೈಲರ್

"ಇಪ್ಪತ್ತು," ಎಂದಳು ನರ್ಸ್. ಹೇಳಿದ ಕೂಡಲೇ ತಪ್ಪಾಯಿತೇನೋ ಅನಿಸಿತು. "ಇನ್ನೊಂದ್ಸಲ ಎಣಿಸ್ತೀನಿ ಡಾಕ್ಟ್ರೇ."

ತಲೆಯ ಮೇಲಿನ ಮಾನಿಟರ್ ಮಾತ್ರ ಮೂವತ್ತನಾಲ್ಕು ಎಂದು ಮಿನುಗುತ್ತಿತ್ತು. ನಿಮಿಷಕ್ಕೆ ಮೂವತ್ತನಾಲ್ಕು ಸಲ ಉಸಿರೆಳೆಯುವವನನ್ನು ಐಸಿಯುವಿನಿಂದ ವಾರ್ಡಿಗೆ ಕಳಿಸುವ ಮಾತೇ ಇಲ್ಲ. ಆದರೆ ಇದ್ದ ಆರು ಬೆಡ್ಡುಗಳೂ ತುಂಬಿದ್ದವು. ಕೆಳಗೆ ತುರ್ತು ವಿಭಾಗದಲ್ಲಿ, ಹೆರಿಗೆಯಾಗಿ ಮೂರೇ ದಿನವಾದ ಹುಡುಗಿಯೊಬ್ಬಳು ಉಸಿರಿಗಾಗಿ ಒದ್ದಾಡುತ್ತಿದ್ದಳು. ಐವರನ್ನು ಅಲುಗಾಡಿಸುವಂತಿರಲಿಲ್ಲ. ಉಳಿದವನು ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿದ್ದ ಮೂರನೇ ಬೆಡ್ಡಿನ ಟೈಲರ್ ಒಬ್ಬನೇ.

"ಮೆಷಿನ್ ಹೇಳೋದು ಸುಳ್ಳು, ನಮ್ಮ ಡೌಟಮ್ಮ ಹೇಳೋದು ನಿಜ, ಅಲ್ವಾ?" ಎಂದರು ಹಿರಿಯ ಸಿಸ್ಟರ್. "ಇವಳು ಸಂಜೆ ನರ್ಸಿಂಗ್ ಕ್ಲಾಸಿಗೆ ಸೇರಿದ್ದೇ ಸೇರಿದ್ದು, ನಮಗೆಲ್ಲ ಪಾಠ!"

ನರ್ಸ್‌ನ ಮುಖ ಬಿಸಿಯಾಯಿತು. ಇಷ್ಟು ವರ್ಷ ಇದೇ ಕೆಲಸ ಮಾಡಿದವರೆದುರು ತಾನೇನು ಹೇಳುವುದು? ಆದರೂ ಹೊದಿಕೆಯ ತುದಿ ಎತ್ತಿದಳು. ಟೈಲರನ ಎರಡೂ ಪಾದಗಳು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿದ್ದವು. ಆ ಕುಲುಕಾಟಕ್ಕೆ ಎದೆಗೆ ಅಂಟಿಸಿದ್ದ ವೈರುಗಳೂ ನಡುಗುತ್ತಿದ್ದವು.

"ಮೈ ಅಲುಗಿದ್ರೂ ಮಾನಿಟರ್ ಅದನ್ನ ಉಸಿರು ಅಂತಲೇ ಎಣಿಸಿಬಿಡುತ್ತೆ ಸಿಸ್ಟರ್. ಎದೆ ಮೇಲೆ ಕೈಯಿಟ್ಟು ಪೂರ್ತಿ ಒಂದು ನಿಮಿಷ ನೋಡಿ ಅಂತ ಮೊನ್ನೆ ಕ್ಲಾಸಲ್ಲಿ..." ಅವಳ ದನಿ ಇಳಿಯಿತು. "ಯಜಮಾನ್ರೇ, ಸ್ವಲ್ಪ ಕಾಲು ನಿಲ್ಲಿಸ್ತೀರಾ?"

"ನಾನೆಲ್ಲಿ ಆಡಿಸ್ದೆ?" ಎಂದ ಟೈಲರ್ ಕಾಲು ನೋಡಿಕೊಂಡು ನಾಚಿದ. "ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದಿವೆಯಲ್ಲಮ್ಮ, ಇವು ನನ್ನ ಮಾತು ಕೇಳಲ್ಲ."

ಪಾದಗಳು ನಿಂತವು. ಡಾಕ್ಟರು ತಾವೇ ಅವನ ಎದೆಯ ಮೇಲೆ ಕೈಯಿಟ್ಟು ಗೋಡೆ ಗಡಿಯಾರ ನೋಡತೊಡಗಿದರು.

"ಹತ್ತೊಂಬತ್ತು," ಎಂದರು. ರಕ್ತದೊತ್ತಡ, ಆಮ್ಲಜನಕ ಎಲ್ಲವನ್ನೂ ಮತ್ತೆ ನೋಡಿದರು. "ಇವರನ್ನ ವಾರ್ಡಿಗೆ ಬಿಡಿ. ಆ ಹುಡುಗೀನ ಮೇಲಕ್ಕೆ ಕರ್ಕೊಂಡು ಬನ್ನಿ, ಬೇಗ."

ಹುಡುಗಿ ಬಂದ ಮೇಲೆ ನರ್ಸ್‌ಗೆ ಕೈ ಬಿಡುವಿರಲಿಲ್ಲ. ಮನಸ್ಸು ಮಾತ್ರ ವಾರ್ಡಿನಲ್ಲೇ ಇತ್ತು. ಮೊದಲು ಬಾಯಿಬಿಟ್ಟವಳು ತಾನು. ಆ ಮನುಷ್ಯನಿಗೇನಾದರೂ ಆದರೆ?

ಮಧ್ಯಾಹ್ನ ಮೂರರ ಹೊತ್ತಿಗೆ ಹುಡುಗಿಯ ತುಟಿಗೆ ಬಣ್ಣ ಬಂತು. ಕಣ್ಣು ಬಿಟ್ಟು ಮಗುವನ್ನು ಕೇಳಿದಳು. ಹಿರಿಯ ಸಿಸ್ಟರ್ ಮೂಗು ಒರೆಸಿಕೊಂಡು ಇತ್ತ ತಿರುಗಿದರು.

"ನಿನ್ನ ಮುಖ ನೋಡಿದ್ರೆ ನಿನಗೇ ಒಂದು ಬೆಡ್ ಹುಡುಕ್ಬೇಕು. ಹೋಗು ಮಾರಾಯ್ತಿ, ನಿನ್ನ ಟೈಲರನ್ನ ನೋಡ್ಕೊಂಡು ಬಾ." ಬಾಗಿಲವರೆಗೆ ಹೋದವಳನ್ನು ಮತ್ತೆ ಕರೆದರು. "ಅದೇನೋ ಕ್ಲಾಸು ಅಂದ್ಯಲ್ಲ, ಎಷ್ಟು ಗಂಟೆಗೆ?"

ವಾರ್ಡಿನ ಕಿಟಕಿ ಪಕ್ಕದ ಬೆಡ್ಡಿನಲ್ಲಿ ಟೈಲರ್ ಅಂಗಾತ ಮಲಗಿದ್ದ. ಮುಖದ ಮೇಲೂ ಹೊದಿಕೆ ಎಳೆದಿತ್ತು. ನರ್ಸ್ ಬೆಡ್ಡಿನತ್ತ ಓಡಿದಳು.

ಸ್ಟೂಲಿನ ಮೇಲೆ ಕುಳಿತಿದ್ದ ಅವನ ಹೆಂಡತಿ ತುಟಿಗೆ ಬೆರಳಿಟ್ಟಳು. "ಮೆಲ್ಲಗೆ ಸಿಸ್ಟರ್. ಬಿಸಿಲು ಅಂತ ಮುಸುಕು ಹಾಕ್ಕೊಂಡ್ರು. ಐದು ದಿನದ ಮೇಲೆ ಈಗ ನಿದ್ದೆ ಹತ್ತಿದೆ."

ನರ್ಸ್ ಮಂಚದ ಕಂಬಿ ಹಿಡಿದು ನಿಂತಳು. ಉಸಿರೆಣಿಸಲು ಕೈಗಡಿಯಾರದ ಸೆಕೆಂಡ್ ಮುಳ್ಳು ಹನ್ನೆರಡಕ್ಕೆ ಬರಲೆಂದು ಕಾದಳು. ಅಷ್ಟರಲ್ಲಿ ಹೊದಿಕೆಯ ಆ ತುದಿಯಲ್ಲಿ ಎರಡು ಉಬ್ಬುಗಳೆದ್ದು, ಮೇಲೆ ಕೆಳಗೆ, ಮೇಲೆ ಕೆಳಗೆ, ಯಾವುದೋ ಉದ್ದನೆಯ ಹೊಲಿಗೆಯನ್ನು ಅವಸರವಿಲ್ಲದೆ ಹಾಕತೊಡಗಿದವು.