ಹನ್ನೆರಡು ಗುಂಟೆಗೆ ಹದಿನಾಲ್ಕು ಅಂಗುಲ

“ಇಷ್ಟು ದೊಡ್ಡ ಅಂಗಳಕ್ಕೆ ಎಂಥಾ ಯಂತ್ರ ತಗೊಂಡ್ರೆ ಸರಿ?”

ಹೀಗೆಂದವರು ನರಹರಿ ರಾಯರು. ಯಾರನ್ನು ಕೇಳಿದರೋ ತಿಳಿಯಲಿಲ್ಲ. ಹಳೇ ಸಾಮಾನಿನ ಅಂಗಡಿಯ ಗೌಸ್ ಸಾಬರು ಒಳಗೆ ಟೀ ಸೋಸುತ್ತಿದ್ದರು. ರಾಯರ ಎದುರಿಗಿದ್ದವರು ನಾವು ಮೂವರೇ. ಒಂದು ಪೆಟ್ರೋಲಿನದು, ಒಂದು ಕರೆಂಟಿನದು, ಗೋಡೆಗೆ ಒರಗಿದ್ದ ನಾನು.

ನಾನು ಹುಲ್ಲು ಕತ್ತರಿಸುವ, ಕೈಯಲ್ಲಿ ತಳ್ಳುವ ಯಂತ್ರ. ಎರಡು ಚಕ್ರ, ಅವುಗಳ ನಡುವೆ ಉರುಳುವ ಐದು ಅಲಗು, ಒಂದು ಉದ್ದನೆಯ ಹಿಡಿ. ಒಂದು ಸಲಕ್ಕೆ ಹದಿನಾಲ್ಕು ಅಂಗುಲ ಅಗಲದ ಹುಲ್ಲು ಕತ್ತರಿಸಬಲ್ಲೆ, ಅಷ್ಟೇ. ದೊಡ್ಡ ಅಂಗಳ ಎಂಬ ಮಾತು ಕಿವಿಗೆ ಬಿದ್ದದ್ದೇ, ನನ್ನ ಕಡೆ ನೋಡಬೇಡಿ ಸ್ವಾಮಿ ಎಂದು ಒಳಗೊಳಗೇ ಬೇಡಿಕೊಂಡೆ.

ನಾನು ಹುಟ್ಟಿದ್ದು ಬೆಂಗಳೂರಿನ ರಾಜಾಜಿನಗರದ ಒಂದು ಪುಟ್ಟ ಕಾರ್ಖಾನೆಯಲ್ಲಿ. ಅಲಗು ಮಸೆದವನು ಕೊನೆಗೊಮ್ಮೆ ಪರೀಕ್ಷೆಗೆಂದು ಹಳೇ ಪತ್ರಿಕೆಯ ಚೂರೊಂದನ್ನು ನನ್ನ ಬಾಯಿಗಿಟ್ಟು ಉರುಳಿಸಿದ. ಕಾಗದ ಸದ್ದಿಲ್ಲದೆ ಎರಡಾಯಿತು. ಅವನು ನಕ್ಕ. ನನಗೆ ಮಾತ್ರ ಅಂದೇ ಒಂದು ಅಂಜಿಕೆ ಹುಟ್ಟಿತು. ಬಾಯಿಗೆ ಸಿಕ್ಕಿದ್ದೆಲ್ಲ ಎರಡಾಗುತ್ತದೆ. ಏನು ಸಿಗಬೇಕು, ಏನು ಸಿಗಬಾರದು ಎನ್ನುವುದು ನನ್ನ ಕೈಯಲ್ಲಿಲ್ಲ.

ನನ್ನನ್ನು ಮೊದಲು ಕೊಂಡವರು ನಂಜನಗೂಡಿನ ಕನ್ನಡ ಪಂಡಿತರು, ಶೇಷಗಿರಿಯಪ್ಪನವರು. ಅವರ ಮನೆಯ ಮುಂದಿನ ಹುಲ್ಲು ನಾಲ್ಕು ಚಾಪೆ ಹಾಸುವಷ್ಟಿತ್ತು. ಅವರು ಕಾವ್ಯ ಹಾಡುತ್ತ ನನ್ನನ್ನು ತಳ್ಳುತ್ತಿದ್ದರು. ಹೋಗುವಾಗ ಒಂದು ಸಾಲು, ಬರುವಾಗ ಒಂದು ಸಾಲು. ಸಾಲು ಮುಗಿದಲ್ಲಿ ಉಸಿರು ತೆಗೆದುಕೊಂಡು ನನ್ನನ್ನು ತಿರುಗಿಸುತ್ತಿದ್ದರು. ಅರ್ಥ ನನಗೆ ಆಗುತ್ತಿರಲಿಲ್ಲ. ಎಲ್ಲಿ ನಿಲ್ಲಬೇಕು ಎನ್ನುವುದು ಮಾತ್ರ ಆಗುತ್ತಿತ್ತು. ಹನ್ನೊಂದು ವರ್ಷ ಹಾಗೆ ಕಳೆದವು. ಅವರು ತೀರಿಕೊಂಡ ಮೇಲೆ ಹುಲ್ಲಿದ್ದ ಕಡೆ ಕಾರು ನಿಲ್ಲಿಸಲು ಸಿಮೆಂಟು ಹಾಕಿದರು. ನಾನು ಮೈಸೂರಿಗೆ, ಗೌಸ್ ಸಾಬರ ಅಂಗಡಿಗೆ ಬಂದೆ.

ಸಾಬರು ಟೀ ಲೋಟ ಹಿಡಿದು ಹೊರಗೆ ಬಂದರು. “ಜಾಗ ಎಷ್ಟಿದೆ ಸಾರ್?”

“ಹನ್ನೆರಡು ಗುಂಟೆ. ಯಾದವಗಿರೀಲಿ.”

“ಕಣ್ಣು ಮುಚ್ಚಿ ಪೆಟ್ರೋಲಿಂದು ತಗೊಂಡೋಗಿ.”

“ಅದರ ಗಲಾಟೆ ತಡೆಯೋರು ಯಾರು? ಬೆಳಿಗ್ಗೆ ನಾನು ಪಾರಾಯಣಕ್ಕೆ ಕೂರೋನು.”

“ಹಂಗಾದ್ರೆ ಕರೆಂಟಿಂದು.”

“ಕಾಂಪೌಂಡಿನ ತನಕ ವೈರು ಎಳೀಬೇಕು. ಅಲಗು ಆ ವೈರನ್ನೇ ಕತ್ತರಿಸಿಬಿಟ್ರೆ?”

“ಸಾರ್, ನಿಮಗೆ ಬೇಕಾಗಿರೋದು ಯಂತ್ರ ಅಲ್ಲ, ಹಸು.”

ರಾಯರಿಗೂ ನಗು ಬಂತು. ಆಮೇಲೆ ಅವರ ಚಪ್ಪಲಿ ನನ್ನ ಮುಂದೆ ಬಂದು ನಿಂತಿತು. ಪೆಟ್ರೋಲಿಲ್ಲ, ವೈರಿಲ್ಲ, ಸದ್ದಿಲ್ಲ. “ಡಾಕ್ಟ್ರು ದಿನಾ ನಡೀರಿ ಅಂದಿದಾರೆ. ಇದನ್ನ ತಳ್ಕೊಂಡೇ ನಡೆದ್ರಾಯ್ತು,” ಎಂದರು. ಸಾಬರು ನನ್ನ ಅಗಲ ನೋಡಿದರು, ರಾಯರ ಹೊಟ್ಟೆ ನೋಡಿದರು, ನನ್ನ ಮೇಲಿನ ಧೂಳು ಒರೆಸಿ ಮುಂದೆ ನೂಕಿದರು.

ಮನೆಯಲ್ಲಿ ರಾಯರ ಹೆಂಡತಿ ಕನಕಮ್ಮ ಸುಮ್ಮನಿರಲಿಲ್ಲ. “ಯಂತ್ರ ತನ್ನಿ ಅಂದ್ರೆ ಆಟದ ಸಾಮಾನು ತಂದಿದೀರಲ್ಲ! ಇದು ಆ ತುದಿ ಮುಟ್ಟೋಷ್ಟರಲ್ಲಿ ಈ ತುದೀದು ಮತ್ತೆ ಬೆಳೆದಿರತ್ತೆ.”

ಅವರ ಮಾತು ಸುಳ್ಳಾಗಲಿಲ್ಲ. ರಾಯರು ಮೊದಲ ದಿನ ನಾಲ್ಕು ಸಾಲು ತಳ್ಳಿ ಕಲ್ಲುಬೆಂಚಿನ ಮೇಲೆ ಕೂತರು. ಮರುದಿನದಿಂದ ನನ್ನ ಹಿಡಿ ತೋಟದ ಕೆಲಸದ ಚಿಕ್ಕತಾಯಮ್ಮನ ಕೈಗೆ ಹೋಯಿತು. ಚಪ್ಪಲಿ ಇಲ್ಲದ ಪಾದ, ಬಿರುಕು ಬಿಟ್ಟ ಹಿಮ್ಮಡಿ. ಅವಳು ಅವಸರ ಮಾಡುತ್ತಿರಲಿಲ್ಲ. ಕಲ್ಲು ಕಂಡರೆ ಮೊದಲು ಎತ್ತಿ ಹಾಕಿ, ಆಮೇಲೆ ನನ್ನನ್ನು ತಳ್ಳುತ್ತಿದ್ದಳು. ಆದರೆ ಅಂಗಳದ ಈಶಾನ್ಯ ಮೂಲೆಗೆ ಮಾತ್ರ ಒಯ್ಯುತ್ತಿರಲಿಲ್ಲ. ಅಲ್ಲಿ ಗರಿಕೆ ಮೊಣಕಾಲುದ್ದ ಎದ್ದಿತ್ತು. ರಾಯರು ಕೇಳಿದ್ದಕ್ಕೆ, “ಅದ್ನ ನಾನು ಕುಡ್ಲಲ್ಲಿ ಕುಯ್ಕತೀನಿ ಬುಡಿ ಅಯ್ನೋರೆ,” ಎಂದುಬಿಟ್ಟಳು.

ಕಾರಣ ನನಗೆ ತಿಳಿದಿತ್ತು. ಬೆಳಿಗ್ಗೆ ಬಂದವಳೇ ನನ್ನನ್ನು ಬೆಂಚಿಗೆ ಒರಗಿಸಿ, ಆ ಮೂಲೆಯಲ್ಲಿ ಮಂಡಿಯೂರಿ ಮೂರೆಸಳಿನ ಕುಡಿಗಳನ್ನು ಒಂದೊಂದಾಗಿ ಕಿತ್ತು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. “ಒಂದು ನಮ್ಮಪ್ಪಾ, ಎರಡು ನಮ್ಮಪ್ಪಾ,” ಎಂದು ಎಣಿಸುವಳು. ತುದಿ ಮುರಿದದ್ದು, ತುಳಿದದ್ದು ಲೆಕ್ಕಕ್ಕಿಲ್ಲ. ಇಪ್ಪತ್ತೊಂದು ಆದ ಮೇಲೆ ಬೀದಿ ಕೊನೆಯ ಗಣಪತಿ ಗುಡಿಗೆ ಹೋಗಿ ಏರಿಸಿ ಬರುವಳು. ಅವಳ ಮಗಳು ನಾಗಮಣಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಐದನೆಯ ತಿಂಗಳಲ್ಲಿ ಹೋಗಿತ್ತು. ಈಗ ಮೂರನೆಯದು, ಮತ್ತೆ ಐದನೆಯ ತಿಂಗಳು. “ನಲವತ್ತೆಂಟು ದಿನ ಈ ಜಾಗದ್ದೇ ಗರ್ಕೆ ತಂದು ಏರುಸ್ತೀನಿ, ಕೂಸ ಉಳುಸ್ಕೊಡಪ್ಪಾ.” ಇದನ್ನು ಮನೆಯವರಿಗೆ ಅವಳು ಹೇಳಿರಲಿಲ್ಲ. ಬಾಯಿ ಬಿಟ್ಟರೆ ದೃಷ್ಟಿಯಾಗುತ್ತದೆ ಎಂಬ ಹೆದರಿಕೆ.

ಅವಳ ಹೆದರಿಕೆ ನನಗೂ ಅಂಟಿತು. ಪಕ್ಕದಲ್ಲಿ ನಿಂತು ದಿನ ಎಣಿಸತೊಡಗಿದೆ. ಗರಿಕೆಯ ತುದಿ ತಿನ್ನುವುದೇ ನನ್ನ ಕಸುಬಲ್ಲವೇ?

ಮೂವತ್ತಮೂರನೆಯ ದಿನ ಅವಳು ಮಗಳನ್ನು ಆಸ್ಪತ್ರೆಗೆ ತೋರಿಸಿ ಬರಲು ಹೋಗಿ ತಡವಾಯಿತು. ಅಂದೇ ರಾಯರಿಗೆ ಉತ್ಸಾಹ ಬಂತು. ತಾವೇ ನನ್ನ ಹಿಡಿ ಹಿಡಿದು ನೆಟ್ಟಗೆ ಆ ಮೂಲೆಗೆ ನಡೆದರು. ಚಕ್ರ ಸಿಕ್ಕಿಕೊಳ್ಳಲಿ, ಅಲಗು ಮೊಂಡಾಗಲಿ ಎಂದು ಹಾರೈಸಿದೆ. ಹಿಂದಿನ ವಾರವಷ್ಟೇ ಮಸೆಸಿದ್ದ ಅಲಗು ಎಲ್ಲಿ ಮೊಂಡಾದೀತು? ಮೂರು ಸಾಲು ಹೋಯಿತು. ನಾಲ್ಕನೆಯದಕ್ಕೆ ರಾಯರು ಸೊಂಟ ಹಿಡಿದುಕೊಂಡು, “ಅಯ್ಯೋ ನರಸಿಂಹಾ,” ಎಂದು ನಿಂತರು. ಪುಣ್ಯಕ್ಕೆ ಅಷ್ಟಕ್ಕೇ ಬಿಟ್ಟು ಒಳಗೆ ಹೋದರು.

ಚಿಕ್ಕತಾಯಮ್ಮ ಬಂದಳು. ನೋಡಿದಳು. ಮಂಡಿಯೂರಿದಳು. ಉಳಿದದ್ದರಲ್ಲಿ ಚೆನ್ನಾದದ್ದನ್ನೆಲ್ಲ ಅವಳೇ ಹಿಂದಿನ ದಿನಗಳಲ್ಲಿ ಕಿತ್ತಾಗಿತ್ತು. “ಹದಿನೆಂಟು ನಮ್ಮಪ್ಪಾ... ಹತ್ತೊಂಬತ್ತು ನಮ್ಮಪ್ಪಾ...” ಅಲ್ಲಿಗೆ ನಿಂತಿತು. ಕೈ ಬೆರಳು ಹುಲ್ಲಿನ ಬುಡ ಬಗೆದು ಬಗೆದು ಹುಡುಕಿದವು. ಸಿಕ್ಕಿದ್ದಕ್ಕೆಲ್ಲ ತುದಿ ಇಲ್ಲ; ತುದಿ ನನ್ನ ಅಲಗಿಗೆ ಹಸಿರಾಗಿ ಮೆತ್ತಿಕೊಂಡಿತ್ತು. ಕೊನೆಗೆ ಕಲ್ಲುಬೆಂಚಿನ ಅಡಿಗೆ ಬೋರಲು ಮಲಗಿ, ತೋಳು ಚಾಚಿ ಇನ್ನೆರಡು ತೆಗೆದಳು. ಎದ್ದಾಗ ಮುಖವೆಲ್ಲ ಮಣ್ಣು, ಕಣ್ಣೀರು. ಅವಳು ನನ್ನನ್ನು ಒದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಲಗನ್ನು ಸೆರಗಿನಿಂದ ಒರೆಸಿ ಶೆಡ್ಡಿಗೆ ನೂಕಿದಳು.

ನನಗೀಗ ವಯಸ್ಸಾಗಿದೆ. ಬೇರಿಂಗು ಕಿರುಗುಟ್ಟುತ್ತದೆ, ಹಿಡಿಯ ಬಣ್ಣ ಎದ್ದಿದೆ. ಇನ್ನೊಂದು ಮಳೆಗಾಲ ಬಂದರೆ ಗುಜರಿಯೇ ಗತಿ. ಬಾಳಿಡೀ ತಳ್ಳಿದವರು ತಳ್ಳಿದ ಕಡೆಗೆ ಹೋದೆ. ಯಾವ ಅಂಗಳಕ್ಕೆ ಯಾವ ಯಂತ್ರ ಸರಿ ಎಂದು ಜನ ಅಳೆಯುತ್ತಾರೆ, ತೂಗುತ್ತಾರೆ. ಆ ಅಂಗಳದಲ್ಲಿ ಯಾರ ಜೀವ ಎಲ್ಲಿ ಬೇರೂರಿದೆ ಎಂದು ಯಾವ ಅಂಗಡಿಯಲ್ಲೂ ಕೇಳುವುದಿಲ್ಲ.

ಇವತ್ತು ನಲವತ್ತೆರಡನೆಯ ದಿನ. ಅಂದು ರಾತ್ರಿಯೇ ಬಿದ್ದ ಮಳೆಗೆ ಮೂಲೆ ಮತ್ತೆ ಚಿಗುರಿ, ದಿನದ ಇಪ್ಪತ್ತೊಂದು ಕುಡಿ ಹೇಗೋ ಸಿಗುತ್ತಿದೆ. ನಾಳಿದ್ದು ರಾಯರ ಅರವತ್ತರ ಶಾಂತಿ. ಸಂಜೆಗೆ ಅಂಗಳದಲ್ಲಿ ಕಾವ್ಯವಾಚನ ಇಟ್ಟುಕೊಂಡಿದ್ದಾರೆ. ಶಾಮಿಯಾನದವನು ಬಂದು, ವೇದಿಕೆ ಕೂರುವುದು ಈಶಾನ್ಯದಲ್ಲೇ, ಉಳಿದ ಕಡೆ ನೆಲ ಇಳಿಜಾರು ಎಂದು ಹೇಳಿ ಹೋಗಿದ್ದಾನೆ. ಚಿಕ್ಕತಾಯಮ್ಮ ನನ್ನನ್ನು ತಳ್ಳಿಕೊಂಡು ಅಂಗಳದ ನಡುವೆ ಬಂದಾಗ ರಾಯರು ಕಾದು ನಿಂತಿದ್ದರು.

“ತಾಯಮ್ಮ, ಆ ಮೂಲೆ ಇವತ್ತು ಬುಡಕ್ಕೆ ಹೊಡೆದುಬಿಡು.”

ಅವಳ ಹೆಜ್ಜೆ ನಿಂತಿತು. ಮನೆಯೊಳಗೆ ಕೇಳಬಾರದು ಎಂಬಷ್ಟು ಸಣ್ಣ ದನಿಯಲ್ಲಿ, ಎಲ್ಲವನ್ನೂ ಹೇಳಿದಳು. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು.

“ಮೊದಲೇ ಹೇಳಬಾರದಿತ್ತೇನಮ್ಮ? ಇನ್ನು ಆರು ದಿನ ತಾನೇ? ದೇವರಾಜ ಮಾರ್ಕೆಟ್ಟಿಂದ ದಿನಾ ಒಂದು ಕಟ್ಟು ಗರಿಕೆ ನಾನೇ ತರಿಸಿಕೊಡ್ತೀನಿ. ಗಣಪತಿಗೆ ಗರಿಕೆ ಆದ್ರೆ ಸರಿ, ಎಲ್ಲಿದಾದ್ರೇನು?”

“ಮೊದಲ್ನೇ ದಿನ ನಾಗಮಣಿನೇ ಬಂದು ಇಲ್ಲಿ ಕಿತ್ತವ್ಳೆ ಅಯ್ನೋರೆ. ಇಲ್ಲೀದೇ ಅಂತ ಅಂದ್ಬುಟ್ಟಿವ್ನಿ. ಕೊಟ್ಟ ಮಾತು.”

“ನಾನೂ ನೂರು ಜನಕ್ಕೆ ಮಾತು ಕೊಟ್ಟಿದೀನಲ್ಲ.” ರಾಯರ ದನಿಯಲ್ಲಿ ಕೋಪವಿರಲಿಲ್ಲ, ದಿಗಿಲಿತ್ತು. ಒಂದು ಹೆಜ್ಜೆ ಮುಂದೆ ಬಂದು ಕೈ ಚಾಚಿದರು. “ಹೋಗ್ಲಿ, ನೀನು ಮಾಡಬೇಡ. ಆ ಪಾಪ ನನಗಿರಲಿ. ಹಿಡಿ ಇತ್ತ ಕೊಡು, ನಾನೇ ತಳ್ತೀನಿ.”

ಚಿಕ್ಕತಾಯಮ್ಮನ ಬೆವರಿದ ಅಂಗೈ ನನ್ನ ಹಿಡಿಯ ಮೇಲೆ ಬಿಗಿಯಾಯಿತು. ಅವಳು ನನ್ನ ಮುಂದಕ್ಕೆ ಬಂದು, ಹಿಡಿ ಬಿಡದೆಯೇ, ತನ್ನ ಬರಿಗಾಲನ್ನು ನನ್ನ ಅಲಗಿಗೆ ಅಡ್ಡವಾಗಿ ಊರಿದಳು.

“ಕೊಡಾಕಿಲ್ಲ.”